ಸದಾಶಿವ ಪೇಠದ ಒಡಕು ಬುರುಜು

ನಮ್ಮ ಮನೆಯವರು ಕಟ್ಟಿದ್ದು ಯಾವುದೂ ಈಗ ಇಲ್ಲ. ಅರಮನೆ ಕಟ್ಟಿದ್ದರು, ಕೈಲಾಸ ಕಟ್ಟಿದ್ದರು, ಒಂದು ಸಲ ಹಡಗು ಕಟ್ಟಿದ್ದರು. ಎಲ್ಲವೂ ಬಿದಿರು, ಗೋಣಿತಟ್ಟು, ಪ್ಲಾಸ್ಟರು, ಬಣ್ಣ. ಗಣಪತಿ ಕೂತಿರುವ ತನಕ ನಿಲ್ಲುತ್ತಿದ್ದವು. ಗಣಪತಿ ನೀರಿಗೆ ಹೋದ ಮೇಲೆ ಬಿಚ್ಚಿ ಟೆಂಪೋಕ್ಕೆ ಹಾಕುತ್ತಿದ್ದರು. ಪುಣೆಯಲ್ಲಿ ಗಣಪತಿಯ ಸುತ್ತ ಕಟ್ಟುವ ಇಂಥ ದೃಶ್ಯಕ್ಕೆ ದೇಖಾವಾ ಅನ್ನುತ್ತಾರೆ. ಇವರ ಬದುಕು ಅದರಲ್ಲೇ ಕಳೆಯಿತು.

ಹೆಸರು ಗೂಳಪ್ಪ. ಇಂಡಿ ತಾಲೂಕಿನವರು. ಮೀಸೆ ಮೂಡುವ ಮೊದಲೇ ಪುಣೆಗೆ ಬಂದು ಒಬ್ಬ ಮಂಟಪದ ಗುತ್ತಿಗೆದಾರರ ಕೈಕೆಳಗೆ ಬಿದಿರು ಹೊತ್ತರು. ಹೊರುತ್ತ ಕಟ್ಟುವುದು ಕಲಿತರು, ಕಟ್ಟುತ್ತ ಬಣ್ಣ ಕಲಿತರು. ನನ್ನನ್ನು ಮದುವೆಯಾಗುವ ಹೊತ್ತಿಗೆ ತಮ್ಮದೇ ಕೆಲಸ ಹಿಡಿದಿದ್ದರು. ಪುಣೆಯ ಅಂಚಿನ ಕೊಂಢವಾದಲ್ಲಿ ಎರಡು ಖೋಲಿಯ ಮನೆ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬಿದಿರು. ಖೋಲಿಯಲ್ಲಿ ನಾನು, ನನ್ನ ಹೊಲಿಗೆ ಯಂತ್ರ. ಅವರ ಪರದೆಗಳನ್ನೆಲ್ಲ ನಾನೇ ಹೊಲಿದೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅವರು ಅಷ್ಟೂ ಓದಿರಲಿಲ್ಲ.

ಮಾತು ಕಡಿಮೆ. ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಸಿಟ್ಟು ಬಂದರೆ ಶೆಡ್ಡಿಗೆ ಹೋಗಿ ಹಗ್ಗ ಸುತ್ತುತ್ತ ಕೂಡುತ್ತಿದ್ದರು. ಎರಡು ಸಾವಿರದ ಆರರ ಶ್ರಾವಣದಲ್ಲಿ ಏಣಿಯ ಬುಡದಲ್ಲಿ ಕೂತು ಚಹಾ ಕುಡಿಯುತ್ತಿದ್ದವರು ಪಕ್ಕಕ್ಕೆ ವಾಲಿದರು. ಏಳಲಿಲ್ಲ. ಎತ್ತರದಿಂದ ಬಿದ್ದು ಸಾಯುತ್ತಾರೆಂದು ನಾನು ಬದುಕಿಡೀ ಹೆದರಿದ್ದೆ. ನೆಲದ ಮೇಲೆ ಕೂತೇ ಹೋದರು.

ಅವರ ಬಗ್ಗೆ ಬರೆಯಬೇಕೆಂದರೆ ಒಂದು ಕೋಟೆಯ ಬಗ್ಗೆ ಬರೆಯಬೇಕು. ಆ ಕೋಟೆ ಜರ್ಮನಿಯಲ್ಲಿದೆ. ನಾವಿಬ್ಬರೂ ಅದನ್ನು ನೋಡಿಲ್ಲ.

ತೊಂಬತ್ತೇಳನೇ ಇಸವಿ. ಸದಾಶಿವ ಪೇಠದ ಒಂದು ಗಲ್ಲಿಯ ಗಣಪತಿ ಮಂಡಳದ ಕೆಲಸ ಆಗ ನಮ್ಮದೇ ಇತ್ತು. ಮಂಡಳದ ಅಧ್ಯಕ್ಷರು ಬಿಂದುಮಾಧವರಾಯರು. ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಧಾರವಾಡದ ಕಡೆಯ ಮನೆತನ, ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಇವರನ್ನು ಆ ಗಲ್ಲಿಗೆ ಕರೆತಂದವರು ಅವರೇ. ಅವರ ಮಗಳು ಶೈಲಾ ಜರ್ಮನ್ ಭಾಷೆ ಕಲಿತು ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಆ ವರ್ಷ ಜರ್ಮನಿಗೆ ಹೋಗಿ ಬಂದಿದ್ದಳು. ಬರುವಾಗ ಒಂದು ಕೋಟೆಯ ದೊಡ್ಡ ಚಿತ್ರ ತಂದಿದ್ದಳು.

ರಾಯರು ಇದ್ದದ್ದು ವಾಡೆಯಲ್ಲಿ, ಒಂದೇ ಅಂಗಳಕ್ಕೆ ಹಲವು ಬಿಡಾರ ಇರುವ ಹಳೇ ಮನೆ. ಅದರ ಜಗಲಿಯ ಮೇಲೆ ಚಿತ್ರವನ್ನು ಇವರ ಮುಂದೆ ಹಾಸಿದಳು.

"ಕಾಕಾ, ಈ ಸರ್ತೆ ಇದನ್ನ ಕಟ್ಟಲಿಕ್ಕೆ ಆಗ್ತದೇನ್ರಿ? ವರ್ಷಾ ಗುಡಿ, ಅರಮನಿ ನೋಡಿ ಮಂದಿಗೆ ಬ್ಯಾಸರಾಗೇದ."

ಇವರು ಚಿತ್ರದ ಮೇಲೆ ಬಗ್ಗಿದರು. ಚಹಾ ಬಂತು, ಕೆನೆಗಟ್ಟಿತು. ನಾನೂ ಹಣಿಕಿ ನೋಡಿದೆ. ಕೆಂಪು ಕಲ್ಲಿನ ಕೋಟೆ. ಬಂಡೆಯ ನೆತ್ತಿಯ ಮೇಲೆ, ಕೆಳಗೆ ಹೊಳೆ. ಕಡಿದಾದ ಛಾವಣಿಯ ನಾಲ್ಕು ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದವು. ಅವುಗಳ ತುದಿಗೆ ಒಂದು ದುಂಡನೆಯ ಬುರುಜು. ಅದು ಮೇಲಿಂದ ಕೆಳಗಿನ ತನಕ ಸೀಳಿತ್ತು, ಪಪ್ಪಾಯಿ ಸೀಳಿದ ಹಾಗೆ. ಒಳಗಿನ ಅಂತಸ್ತುಗಳೆಲ್ಲ ಹೊರಗೆ ಕಾಣುತ್ತಿದ್ದವು. ಉಳಿದ ಅರ್ಧ ಪುಡಿಯಾಗಿರಲಿಲ್ಲ. ಇಡಿಯಾಗಿ ಕಂದಕದಲ್ಲಿ ಮಲಗಿತ್ತು. ಅದರ ಮೇಲೆ ಹುಲ್ಲು ಬೆಳೆದಿತ್ತು.

"ಇದು ಯಾಕ ಹಿಂಗ ಸೀಳೇದವ್ವಾ?"

"ಅದು ದೊಡ್ಡ ಕಥಿ ಅದರಿ ಕಾಕಾ."

"ಹೇಳು. ಮೊದಲ ಯಾವುದು ಕಟ್ಟಿದ್ರು, ಆಮ್ಯಾಲ ಯಾವುದು, ಗೊತ್ತಿಲ್ದ ನಾ ಬಿದಿರು ಮುಟ್ಟಂಗಿಲ್ಲ."

ಅದು ಅವರ ಪದ್ಧತಿ. ಯಾವ ಕಟ್ಟಡವಾದರೂ ಅದು ಬೆಳೆದ ಕ್ರಮದಲ್ಲೇ ಬಿದಿರು ಕಟ್ಟುತ್ತಿದ್ದರು. ಮೊದಲು ಕಟ್ಟಿದ್ದು ಭಾರ ಹೊರುತ್ತದೆ, ಆಮೇಲಿನದು ಅದಕ್ಕೆ ಆತುಕೊಂಡಿರುತ್ತದೆ, ಹಾಗೆ ಕಟ್ಟಿದರೆ ಮಳೆಗಾಳಿಗೆ ಜಗ್ಗುವುದಿಲ್ಲ ಎನ್ನುತ್ತಿದ್ದರು. ಉಳಿದವರು ಮುಂದಿನ ಮುಖ ಕಟ್ಟಿ ಹಿಂದೆ ಊರೆಗೋಲು ಕೊಡುತ್ತಿದ್ದರು. ಅವರದು ವಾಲುತ್ತಿತ್ತು. ಇವರದು ವಾಲಲಿಲ್ಲ.

ಶೈಲಾ ಸಂಜೆ ಕ್ಲಾಸು ಮುಗಿಸಿ ಬಂದು ಸ್ವಲ್ಪ ಸ್ವಲ್ಪ ಹೇಳಿದಳು. ನಾನು ಪಕ್ಕದಲ್ಲಿ ಬಟ್ಟೆ ಅಳೆಯುತ್ತ ಕೇಳಿದೆ. ಕೋಟೆಯ ಹೆಸರು ಡೋರ್ನ್‌ವಾಲ್ಡ್ ಅಂತೆ. ಮುಳ್ಳಿನ ಕಾಡು ಎಂದು ಅರ್ಥ.

ಮೊದಲು ಅಲ್ಲಿ ಬರೀ ಬಂಡೆ. ಹೊಳೆಯಲ್ಲಿ ಹೋಗುವ ದೋಣಿಗಳಿಂದ ಸುಂಕ ಕೀಳಲು ಒಬ್ಬ ಸರದಾರ ಬಂಡೆಯ ಮೇಲೆ ಮರದ ಅಟ್ಟಣಿಗೆ ಕಟ್ಟಿದ. ಎಂಟುನೂರು ವರ್ಷದ ಹಿಂದಿನ ಮಾತು. ಅವನ ಮಗ ಮರ ಕಿತ್ತು ಕಲ್ಲಿನ ಬುರುಜು ಎಬ್ಬಿಸಿದ. ಅದರ ಗೋಡೆಯ ದಪ್ಪದೊಳಗೆ ಒಂದು ಎತ್ತಿನ ಗಾಡಿ ನಿಲ್ಲಿಸಬಹುದು.

ಇವರು ಗೋಳಗುಮ್ಮಟ ನೋಡಿ ಬೆಳೆದವರು. ದಪ್ಪ ಗೋಡೆಗೆ ಬೆರಗಾಗುವವರಲ್ಲ.

"ನಮ್ಮ ಗುಮ್ಮಟದ ಗ್ವಾಡಿನೂ ಹಂಗ ಅದ. ಆದ್ರ ಅದು ಬಯಲಾಗ ಅದ. ಇವ್ರು ಬಂಡಿ ನೆತ್ತಿಗೆ ಕಲ್ಲ ಹೆಂಗ ಒಯ್ದ್ರು?"

"ದೊಡ್ಡ ಮರದ ಗಾಲಿ ಮಾಡ್ತಿದ್ರಂತ್ರಿ. ಗಾಲಿ ಒಳಗ ಮನಷಾರು ನಿಂತು ನಡೀತಿದ್ರು. ಅವರು ನಡದಂಗ ಗಾಲಿ ತಿರಗತಿತ್ತು, ಹಗ್ಗ ಸುತ್ತಿ ಕಲ್ಲು ಮ್ಯಾಲ ಬರ್ತಿತ್ತು."

"ದಿನಾ ನಡಿಯೂದು?"

"ದಿನಾ."

"ಮ್ಯಾಲ ಹತ್ತಿದಂಗನೂ ಇಲ್ಲ, ಎಲ್ಲಿ ಹ್ವಾದಂಗನೂ ಇಲ್ಲ. ಬುರುಜ ಮಾತ್ರ ಏರಿತು," ಅಂದರು. ತಮ್ಮ ಅಂಗೈ ನೋಡಿಕೊಂಡರು. ಹಗ್ಗ ಎಳೆದೆಳೆದು ಅದು ದನದ ತೊಗಲಿನ ಹಾಗಾಗಿತ್ತು. "ಕಟ್ಟಿದವ್ರ ಹೆಸರು ಏನರ ಅದಾವೇನು?"

"ಹೆಸರಿಲ್ರಿ. ಕಲ್ಲು ಕಡದವರು ಒಬ್ಬೊಬ್ಬರು ಒಂದೊಂದು ಗುರುತು ಕೆತ್ಯಾರ. ಬಾಣ, ಮೀನು, ಹಂಗ. ನಾ ಮುಟ್ಟಿ ನೋಡೇನಿ."

ಆಮೇಲೆ ಆ ವಂಶದಲ್ಲಿ ನಾಲ್ವರು ಅಣ್ಣತಮ್ಮಂದಿರು ಹುಟ್ಟಿದರು. ಪಾಲು ಕೇಳಿದರು. ಬಂಡೆಯನ್ನು ಹೇಗೆ ಪಾಲು ಮಾಡುವುದು? ಒಂದೇ ಗೋಡೆಯೊಳಗೆ ನಾಲ್ಕು ಮನೆ ಕಟ್ಟಿಕೊಂಡರು. ಬಾಗಿಲು ಒಂದು, ಬಾವಿ ಒಂದು, ಒಲೆ ನಾಲ್ಕು.

"ಥೇಟ್ ನಮ್ಮ ವಾಡೇದಂಗ," ಅಂದರು ಬಿಂದುಮಾಧವರಾಯರು. "ನೀರಿನ ಜಗಳ ಇತ್ತೋ ಇಲ್ಲೋ?"

"ಇತ್ತಪ್ಪಾ. ಯಾವ ದಿನ ಬಾವಿ ಯಾರದು ಅಂತ ಕರಾರು ಆಗಿತ್ತಂತ."

"ಹಂಗಾರ ಅವರು ನಮ್ಮವರ." ರಾಯರು ನಕ್ಕರು. ಒಳಗಿನಿಂದ ಅವರ ಹೆಂಡತಿ, "ಅವರ ಮನ್ಯಾಗ ಗಂಡಸರರ ನೀರ ಸೇದತಿದ್ರೇನೋ ಕೇಳು," ಅಂದರು.

ನಂತರ ದೊಡ್ಡ ರೋಗ ಬಂತು. ಕೋಟೆಯ ಬಾಗಿಲು ಹಾಕಿಕೊಂಡರು. ರೋಗ ಒಳಗೇ ಇತ್ತು. ಸತ್ತವರನ್ನು ಹೂಳಲು ಬಂಡೆಯ ಮೇಲೆ ಮಣ್ಣಿರಲಿಲ್ಲ. ಬದುಕಿದ್ದವರು ಹೊಳೆದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಹೂಳಿದರು. ಆ ಮಣ್ಣಿನಲ್ಲಿ ಇವತ್ತು ಗುಲಾಬಿ ಗಿಡ ಇವೆಯಂತೆ.

ಆಮೇಲೆ ರೈತರು ಎದ್ದರು. ಕುಡುಗೋಲು, ಕೊಡಲಿ ಹಿಡಿದು ಏರಿ ಬಂದು ನಾಲ್ಕೂ ಮನೆ ಸುಟ್ಟರು. ಬುರುಜಿಗೆ ಮಸಿ ಹತ್ತಿತು, ಅಷ್ಟೆ. ದಂಗೆ ಅಡಗಿದ ಮೇಲೆ ಸುಟ್ಟವರ ಕೈಯಿಂದಲೇ ಮನೆಗಳನ್ನು ಮತ್ತೆ ಕಟ್ಟಿಸಿದರು. ಮೊದಲಿಗಿಂತ ಒಂದು ಅಂತಸ್ತು ಹೆಚ್ಚು.

ಅದಾದ ಮೇಲೆ ಫ್ರಾನ್ಸಿನ ರಾಜನ ದಂಡು ಬಂತು. ಹೋಗುವಾಗ ಬುರುಜಿನ ಬುಡಕ್ಕೆ ಮದ್ದು ತುಂಬಿ ಬತ್ತಿ ಹಚ್ಚಿದರು. ಅದರ ಗೋಡೆ ಪುಡಿಯಾಗುವ ಗೋಡೆಯಲ್ಲ. ಎರಡಾಗಿ ಸೀಳಿತು. ಒಂದು ನಿಂತಿತು, ಒಂದು ಜಾರಿ ಕಂದಕದಲ್ಲಿ ಮಲಗಿತು.

ವಂಶ ಬಡವಾಯಿತು. ಊರವರು ಮನೆ ಕಟ್ಟಲು, ದನದ ಕೊಟ್ಟಿಗೆ ಕಟ್ಟಲು ಕೋಟೆಯ ಕಲ್ಲು ಕಿತ್ತು ಒಯ್ಯತೊಡಗಿದರು. ಕೊನೆಗೆ ಅಲ್ಲಿ ಉಳಿದವಳು ಒಬ್ಬಳೇ, ಆ ಮನೆತನದ ಒಬ್ಬ ವಿಧವೆ. ಆಡು ಕಟ್ಟಿಕೊಂಡು ಎರಡು ಕೋಣೆಯಲ್ಲಿ ಇದ್ದಳು. ದಿನಾ ಕೋಲು ಹಿಡಿದು ಬಾಗಿಲಲ್ಲಿ ಕೂಡುತ್ತಿದ್ದಳು. ಸಾಯುವ ತನಕ ಒಂದು ಕಲ್ಲು ಹೊರಗೆ ಬಿಡಲಿಲ್ಲ. ಆಕೆಯಿಂದಾಗಿ ಉಳಿದದ್ದು ಈಗಿನ ಕೋಟೆ. ಆಮೇಲೆ ಅದು ಯುದ್ಧದ ಕಾಲಕ್ಕೆ ಆಸ್ಪತ್ರೆಯಾಯಿತು, ಮನೆ ಕಳಕೊಂಡು ಬಂದವರಿಗೆ ಮನೆಯಾಯಿತು, ಈಗ ನೋಡಲು ಜನ ಬರುತ್ತಾರೆ.

ಆಗ ನನಗೆ ಹದಿನೆಂಟು ಮೊಳ ಬಟ್ಟೆ ಸಾಲುತ್ತದೋ ಇಲ್ಲವೋ ಎಂಬ ಚಿಂತೆ. ಆ ವಿಧವೆಯ ಹೆಸರು ಕೇಳಲಿಲ್ಲ. ಈಗ ಶೈಲಾ ಎಲ್ಲಿದ್ದಾಳೋ, ಸಿಕ್ಕರೆ ಕೇಳಬೇಕು.

ಕಥೆ ಮುಗಿದ ದಿನ ಬಸ್ಸಿನಲ್ಲಿ ಕೊಂಢವಾಕ್ಕೆ ಹೊರಟಾಗ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಮುನ್ನೂರ ವರ್ಷಾತು ಆ ಅರ್ಧಾ ಬುರುಜ ಬಿದ್ದು," ಅಂದರು. "ಯಾರೂ ಎತ್ತಿ ಹಚ್ಚಲಿಲ್ಲ. ಯಾರೂ ಒಡದು ಒಯ್ಯಲಿಲ್ಲ. ಬಿದ್ದದ್ದು ಬಿದ್ದಂಗ ಇಟ್ಟಾರಲ್ಲ."

"ಹೂಂ."

"ನಾ ಬಿದ್ದದ್ದು ಯಾವತ್ತೂ ಕಟ್ಟಿಲ್ಲ. ಇದನ್ನ ಕಟ್ಟತೀನಿ."

ಚಿತ್ರದ ಮೇಲೆ ಗೆರೆ ಹೊಡೆಯಲು ಅವರಿಗೆ ಮನಸ್ಸಾಗಲಿಲ್ಲ. ಕಿಟಕಿಯ ಗಾಜು ಬಿಚ್ಚಿ ಚಿತ್ರದ ಮೇಲಿಟ್ಟು, ಗಾಜಿನ ಮೇಲೆ ಚೌಕ ಹಾಕಿದರು. ಒಂದು ಚೌಕಕ್ಕೆ ಒಂದು ಬಿದಿರಿನಷ್ಟು ಅಳತೆ. ಮೊದಲು ಬಂಡೆ, ಅದರ ಬುಡದಲ್ಲಿ ಕಂದಕ. ಆಮೇಲೆ ಬುರುಜು. ಬುರುಜನ್ನು ಇಡಿಯಾಗಿಯೇ ಕಟ್ಟಿದರು, ತುದಿಯೊಂದು ಬಿಟ್ಟು. ಅದು ಚಿತ್ರದಲ್ಲೇ ಇರಲಿಲ್ಲ. ಆಮೇಲೆ ಗರಗಸದಿಂದ ಮೇಲಿಂದ ಕೆಳಗೆ ಕೊಯ್ದು, ಅರ್ಧವನ್ನು ಹಗ್ಗ ಹಾಕಿ ಕಂದಕಕ್ಕೆ ಇಳಿಸಿದರು. ಜೊತೆಗಿದ್ದ ಕೆಲಸದವರು ತಲೆ ಕೆಟ್ಟಿದೆ ಅಂದುಕೊಂಡರು.

"ಒಮ್ಮಿಗೇ ಅರ್ಧಾ ಕಟ್ಟಬೇಕಿಲ್ಲೇನ್ರಿ?" ಎಂದು ನಾನೂ ಕೇಳಿದೆ.

"ಅರ್ಧಾ ಕಟ್ಟಿದ್ರ ಅರ್ಧಾ ಕಟ್ಟಿದಂಗ ಕಾಣಸ್ತದ. ಒಡದಂಗ ಕಾಣಸಬೇಕಲ್ಲ."

ಕೆಂಪು ಬಣ್ಣ ಕಲಸಿ ಕಲಸಿ ಮೂರು ಸಲ ಚೆಲ್ಲಿದರು. ನಾಲ್ಕನೇ ಸಲ ಹತ್ತಿತು. ಗಲ್ಲಿಯಲ್ಲಿ ಸ್ಕೂಟರಿನವರು ನಿಲ್ಲಿಸಿ ತಲೆಯೆತ್ತಿ ನೋಡಿ ಹೋಗುತ್ತಿದ್ದರು. ಮೂರಂತಸ್ತಿನ ವಾಡೆಗಿಂತ ಅದು ಎತ್ತರವಾಗಿತ್ತು.

ಗಣಪತಿ ಬರುವ ವಾರ ಮಂಡಳದ ಕಾರ್ಯದರ್ಶಿ ಏಕನಾಥರು ಬಂದರು. ಗಲ್ಲಿಯ ತುದಿಗೆ ಅವರ ಝೆರಾಕ್ಸ್ ಅಂಗಡಿ. ಮರಾಠಿಯವರು, ಮಾತೆಲ್ಲ ಮರಾಠಿಯಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಗೂಳಪ್ಪಾ, ಇದು ಯಾವಾಗ ಪೂರಾ ಆಗ್ತದ?"

"ಆಗೇದ್ರಿ."

"ಅರ್ಧಾ ಬುರುಜ ಎಲ್ಲದ?"

"ಅಲ್ಲೇ ಅದ ನೋಡ್ರಿ, ಕೆಳಗ."

ಏಕನಾಥರು ಕಂದಕ ನೋಡಿದರು. ಮತ್ತೆ ಮೇಲೆ ನೋಡಿದರು.

"ಒಡಕ ಮನ್ಯಾಗ ಗಣಪತಿ ಬಪ್ಪಾನ್ನ ಕೂಡಸ್ತೀಯೇನು? ಬೆರಳು ಮುಕ್ಕಾದ ಮೂರ್ತಿನ ನಾವು ಪೂಜಿಗೆ ಇಡಂಗಿಲ್ಲ. ಇಲ್ಲಿ ಬುರುಜಕ್ಕ ಬುರುಜ ಮುಕ್ಕಾಗೇದ."

"ಮೂರ್ತಿ ಮುಕ್ಕಾಗಿಲ್ರಿ. ಕ್ವಾಟಿ ಒಡದದ. ಶನಿವಾರವಾಡಾ ಅರಮನಿ ಸುಟ್ಟು ನಿಂತಿಲ್ಲೇನ್ರಿ? ಅದರ ಮುಂದ ದಿನಾ ಹಾಯ್ತೀರಿ."

"ಹಾಯ್ತೀವಿ. ಅಲ್ಲಿ ಆರತಿ ಎತ್ತಂಗಿಲ್ಲ."

ಬಿಂದುಮಾಧವರಾಯರು ನಡುವೆ ಬಂದರು. ಅವರಿಗೆ ಎರಡೂ ಕಡೆ ಸರಿ ಅನ್ನಿಸುತ್ತಿತ್ತು, ಅದೇ ಅವರ ಕಷ್ಟ.

"ಹಠಾ ಬ್ಯಾಡೋ ಗೂಳಪ್ಪಾ. ಇನ್ನೊಂದಿಷ್ಟು ಬಿದಿರು ಕಟ್ಟಿ ಮುಚ್ಚಿಬಿಡು. ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ರಿ ರಾಯರ. ಆ ತುದಿ ಹೆಂಗಿತ್ತು ಅಂತ ಅಲ್ಲೀವ್ರಿಗೇ ಗೊತ್ತಿಲ್ಲ. ನಾ ಏನಂತ ಕಟ್ಟಲಿ?"

ಏಕನಾಥರು ಕೊನೆಯ ಮಾತು ಹೇಳಿದರು. ಗಣಪತಿ ಬರುವ ಮುಂಜಾನೆಯೊಳಗೆ ಬುರುಜು ಇಡಿಯಾಗಬೇಕು. ಇಲ್ಲದಿದ್ದರೆ ಶಿವಪುತ್ರಪ್ಪನ ಆಳುಗಳು ಬಂದು ಮುಚ್ಚುತ್ತಾರೆ, ಮುಂದಿನ ವರ್ಷದಿಂದ ಈ ಗಲ್ಲಿಯ ಕೆಲಸವೂ ಅವನದೇ. ಶಿವಪುತ್ರಪ್ಪ ಇನ್ನೊಬ್ಬ ಮಂಟಪದವನು, ಊರೆಗೋಲು ಕೊಡುವವನು.

ಆ ಗಲ್ಲಿ ಹೋಯಿತೆಂದರೆ ನಮಗೆ ಪುಣೆಯೇ ಹೋದ ಹಾಗೆ. ಉಳಿದ ಮಂಡಳದವರು ಅಲ್ಲಿ ನೋಡಿಯೇ ನಮ್ಮನ್ನು ಕರೆಯುತ್ತಿದ್ದರು. ಇವರಿಗೆ ಅದು ಗೊತ್ತಿತ್ತು. ಮನೆಗೆ ಬಂದು ಎರಡನೇ ರೊಟ್ಟಿ ಮುಟ್ಟಲಿಲ್ಲ. ಶೆಡ್ಡಿಗೆ ಹೋಗಿ ಹಗ್ಗ ಸುತ್ತತೊಡಗಿದರು.

ನಾನು ಹಿಂದಿನಿಂದ ಹೋದೆ.

"ಬಟ್ಟಿಲೆ ಮಾಡೂಣ್ರಿ," ಅಂದೆ.

"ಏನು?"

"ಆ ಅರ್ಧಾ. ನಾ ಹೊಲೀತೀನಿ. ಒಳಗ ಬಿದಿರಿನ ದುಂಡ ಬಳಿ ಹಾಕೂಣು, ಆಕಾಶಬುಟ್ಟಿಗೆ ಹಾಕಿದಂಗ. ಆರತಿ ಹೊತ್ತಿಗೆ ಹಗ್ಗ ಜಗ್ಗಿ ಏರಸೂಣು. ಆಮ್ಯಾಲ ಇಳಸೂಣು."

"ಸೀರಿ ಉಡಿಸಿದಂಗ?"

"ಉಡಿಸಿದಂಗ. ಒಳಗ ಹೆಂಗದ ಹಂಗ ಇರ್ತದ."

ಹಗ್ಗ ಸುತ್ತುವುದು ನಿಲ್ಲಲಿಲ್ಲ. ಸುರುಳಿ ಮುಗಿಸಿ ಗೂಟಕ್ಕೆ ಹಾಕಿ ಅಂದರು:

"ಹೊಲಿ. ಸುಳ್ಳ ಹೇಳೂದಾದ್ರ ಬಟ್ಟಿಲೆ ಹೇಳೂಣು. ಪ್ಲಾಸ್ಟರದಾಗ ಬ್ಯಾಡ."

ಹೊಲಿದೆ. ನನ್ನ ಯಂತ್ರದಲ್ಲಿ ಅಷ್ಟು ದೊಡ್ಡ ಬಟ್ಟೆ ಅದಕ್ಕಿಂತ ಮೊದಲೂ ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ. ಮಡಿಕೆ ಖೋಲಿ ತುಂಬಿ ಬಾಗಿಲ ಹೊರಗೆ ಹೋಗಿತ್ತು. ಅಕ್ಕಪಕ್ಕದವರು ಅದನ್ನು ಎತ್ತಿ ಹಿಡಿದು ಸರಿಸುತ್ತ, "ಅವ್ವಮ್ಮ, ಯಾವ ರಾಣಿಗೆ ಲಂಗ ಹೊಲಿಯಾಕತ್ತಿ?" ಎಂದು ಚೇಷ್ಟೆ ಮಾಡಿದರು. ಇವರು ಅದರ ಮೇಲೆ ಕಲ್ಲು ಕಲ್ಲಾಗಿ ಬಣ್ಣ ಹಾಕಿದರು.

ಏಕನಾಥರು ಬಂದು ಏರಿಸಿ ನೋಡಿದರು, ಇಳಿಸಿ ನೋಡಿದರು. ಬುರುಜು ಇಡಿಯಾಗಿ ಕಾಣುತ್ತಿತ್ತು, ದೂರಲು ಏನೂ ಸಿಗಲಿಲ್ಲ.

"ಆರತಿ ನಡದಾಗ ಒಡಕ ಕಾಣಬಾರದು. ಒಂದ ಸರ್ತೆ ಕಂಡ್ರೂ ನಿನ್ನ ಕೆಲಸ ಮುಗೀತು," ಅಂದು ಹೋದರು.

ಗಣಪತಿ ಬಂತು. ನಾಲ್ಕು ಮನೆಗಳ ಮುಂದೆ, ಒಂದೇ ಬಾಗಿಲ ಕಮಾನಿನ ಕೆಳಗೆ ಕೂತಿತು. ಸಂಜೆಯಾದರೆ ಶೈಲಾಳ ದನಿ ಸ್ಪೀಕರಿನಲ್ಲಿ ಬರುತ್ತಿತ್ತು, ಮರಾಠಿಯಲ್ಲಿ ಕೋಟೆಯ ಕಥೆ. ಬಟ್ಟೆಯನ್ನು ಇವರು ಕಥೆಗೂ ಬಳಸಿದರು. ಬುರುಜು ಕಟ್ಟಿದರು ಎಂದು ದನಿ ಹೇಳಿದಾಗ ನಾವಿಬ್ಬರೂ ಹಗ್ಗ ಎಳೆಯುತ್ತಿದ್ದೆವು, ಬುರುಜು ಏರುತ್ತಿತ್ತು. ದಂಡು ಬಂತು ಎಂದಾಗ ದೀಪ ಆರುತ್ತಿತ್ತು, ಒಬ್ಬ ತಗಡು ಬಡಿಯುತ್ತಿದ್ದ, ನಾವು ಹಗ್ಗ ಬಿಡುತ್ತಿದ್ದೆವು. ದೀಪ ಬಂದಾಗ ಸೀಳು ಬುರುಜು.

ಹಿಂದೆ ನಿಂತ ನಮಗೆ ಕೋಟೆ ಕಾಣುತ್ತಿರಲಿಲ್ಲ. ಗೋಣಿತಟ್ಟಿನ ಸಂದಿಯಿಂದ ಜನರ ಮುಖ ಕಾಣುತ್ತಿತ್ತು. ಎಷ್ಟೋ ಗಣಪತಿ ನೋಡಿದ ಪುಣೆಯ ಮುಖಗಳು. ದೂರದ ಕುರಕುಂಭದ ಕಾರಖಾನೆಯಿಂದ ಟ್ರಕ್ ಮಾಡಿಕೊಂಡು ಬಂದವರು ಕೂಡ ಇದ್ದರು. ದೀಪ ಬಂದ ಕೂಡಲೇ ಮುಖಗಳೆಲ್ಲ ಒಮ್ಮೆಗೇ ಮೇಲಕ್ಕೆ ಎದ್ದು ಅಲ್ಲೇ ನಿಲ್ಲುತ್ತಿದ್ದವು. ಗದ್ದಲ ನಿಂತುಬಿಡುತ್ತಿತ್ತು. ಹೆಗಲ ಮೇಲೆ ಕೂತ ಕೂಸುಗಳೂ ಸುಮ್ಮನಾಗುತ್ತಿದ್ದವು. ಇವರು ಸಂದಿಗೆ ಕಣ್ಣಿಟ್ಟು ಅದನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ಕಂದಕದಲ್ಲಿ ಬಿದ್ದ ಅರ್ಧಕ್ಕೆ ಯಾರೋ ಕುಂಕುಮ ಹಚ್ಚಿ ಹೋಗಿದ್ದರು. ಕೆಂಪು ಕಲ್ಲು, ದುಂಡಗೆ, ಆಕಾರವಿಲ್ಲದೆ ಮಲಗಿದೆ. ಪುಣೆಯಲ್ಲಿ ಅಂಥ ಕಲ್ಲಿಗೆ ಸಿಂಧೂರ ಹಚ್ಚಿ ಮಾರುತಿ ಎನ್ನುತ್ತಾರೆ. ಮರುದಿನ ಅದರ ಮೇಲೆ ದಾಸವಾಳ ಬಂತು. ಆಮೇಲೆ ತೆಂಗಿನಕಾಯಿ. ಹಚ್ಚಿದವರು ಯಾರೆಂದು ನೋಡಿದರೆ ಏಕನಾಥರ ತಾಯಿ. ಗಲ್ಲಿಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು.

"ಆಯೀ, ಅದು ಪ್ಲಾಸ್ಟರು," ಅಂದರು ಏಕನಾಥರು.

"ಇರ್ಲಿ. ನಿನ್ನ ಗಣಪತಿನೂ ಪ್ಲಾಸ್ಟರ."

"ಆಯೀ, ಅದು ಜರ್ಮನಿದು."

"ಇಷ್ಟು ದೊಡ್ಡದು ಅಷ್ಟು ಮ್ಯಾಲಿಂದ ಬಿದ್ದು ಪುಡಿಯಾಗಿಲ್ಲ ಅಂತ ಆ ಹುಡಿಗಿ ದಿನಾ ಒದರ್ತಾಳ. ದೇವರಲ್ದ ಇನ್ನೇನದು?"

ಇವರು ಹೂವು ತೆಗೆಯಲಿಲ್ಲ. ಮುದುಕಿಯರು ಜಾರಬಾರದೆಂದು ಕಂದಕದಲ್ಲಿ ನಿಂತ ಮಳೆನೀರಿಗೆ ಅಡ್ಡ ಒಂದು ಹಲಗೆ ಹಾಕಿದರು.

ಐದನೇ ದಿನವೋ ಆರನೇ ದಿನವೋ, ಮಧ್ಯಾಹ್ನದಿಂದ ಮಳೆ ಹಿಡಿಯಿತು. ಸಂಜೆ ಆರತಿಯ ಹೊತ್ತಿಗೆ ನಿಂತಿತು. ಜನ ಕೊಡೆ ಮಡಚಿ ಸೇರಿದರು. ಮುಂದೆ ಬಿಂದುಮಾಧವರಾಯರು ತಟ್ಟೆ ಹಿಡಿದು ಕರ್ಪೂರ ಹಚ್ಚಿದರು. ಹಿಂದೆ ನಾವು ಹಗ್ಗ ಎಳೆದೆವು. ಬರಲಿಲ್ಲ.

ಬಟ್ಟೆ ನೀರು ಕುಡಿದು ಹೆಣದ ಹಾಗೆ ಭಾರವಾಗಿತ್ತು. ಮತ್ತೆ ಎಳೆದರೆ ಅರ್ಧ ಏರಿ ಒಂದು ಬಿದಿರಿನ ಬಳೆ ಮುರಿದು ಸಿಕ್ಕಿಕೊಂಡಿತು, ಬಟ್ಟೆ ಮಾತ್ರ ಕೆಳಗೆ ಜಾರಿತು. ಇವರು ಹಗ್ಗ ನನ್ನ ಕೈಗೆ ಕೊಟ್ಟು ಬಿದಿರು ಹತ್ತಿದರು. ಬಿದಿರು ಒದ್ದೆ. ಅವರ ಕಾಲು ಎರಡು ಸಲ ಜಾರಿತು.

ಏಕನಾಥರು ಹಿಂದಕ್ಕೆ ಓಡಿ ಬಂದರು. "ಎತ್ತು, ಗೂಳಪ್ಪಾ, ಎತ್ತು. ಕರ್ಪೂರ ಹಚ್ಚೇದ."

"ಇಳೀರಿ," ಅಂದೆ ನಾನು. "ಕೆಲಸ ಹೋದ್ರ ಹೋಗ್ಲಿ. ಇಳೀರಿ."

ಇವರು ಮೇಲೆ ಸಿಕ್ಕ ಬಳೆಯನ್ನು ಕೀಳುತ್ತಿದ್ದರು.

ಆಗ ಮುಂದಿನಿಂದ ಆಯಿಯ ದನಿ ಕೇಳಿತು. "ಕರ್ಪೂರ ಉರದು ಹೋಗ್ತದ. ಯಾರ ದಾರಿ ನೋಡ್ತೀರಿ? ಹಾಡ್ರಿ." ಹೇಳಿ ತಾವೇ ಆರತಿಯ ಹಾಡು ಎತ್ತಿಕೊಂಡರು. ಸಣ್ಣ, ಒಡಕು ದನಿ. ಒಂದು ಸಾಲು ಅವರೊಬ್ಬರೇ ಹಾಡಿದರು. ಎರಡನೇ ಸಾಲಿಗೆ ಹೆಂಗಸರು ಸೇರಿದರು. ಮೂರನೆಯದಕ್ಕೆ ಗಲ್ಲಿಯೇ ಸೇರಿತು. ಚಪ್ಪಾಳೆ ಬಿತ್ತು. ನಿಲ್ಲಿಸುವ ಮಾತೇ ಇರಲಿಲ್ಲ.

ನಾನು ಸಂದಿಯಿಂದ ನೋಡಿದೆ. ರಾಯರು ಗಣಪತಿಗೆ ತಟ್ಟೆ ಬೆಳಗಿ ಮುಗಿಸಿದರು. ಆಯಿ ಅವರ ಕೈಯಿಂದ ತಟ್ಟೆ ತೆಗೆದುಕೊಂಡು ಹಲಗೆಯ ಮೇಲೆ ನಿಂತು ಬಿದ್ದ ಅರ್ಧಕ್ಕೆ ಬೆಳಗಿದರು. ಆಮೇಲೆ ತಲೆಯೆತ್ತಿ, ಸೆರಗು ಜಾರಿದ್ದೂ ನೋಡದೆ, ನಿಂತ ಅರ್ಧಕ್ಕೆ ಬೆಳಗಿದರು. ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಕ್ಕೆ. ತಟ್ಟೆಯ ಹಿಂದೆ ಜನರ ಕಣ್ಣೂ ಹೋದವು. ಮಳೆಯಲ್ಲಿ ನೆನೆದ ಕೆಂಪು ಗೋಡೆ, ತೆರೆದ ಅಂತಸ್ತುಗಳು, ಅವುಗಳ ಮೇಲೆ ಕರ್ಪೂರದ ಬೆಳಕು ಏರಿತು. ಹಾಡು ತಾನಾಗಿ ನಿಂತುಹೋಯಿತು. ಅಷ್ಟು ಜನ ಸೇರಿದ ಗಲ್ಲಿಯಲ್ಲಿ ಮಾಳಿಗೆಯ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಏಕನಾಥರೂ ನನ್ನ ಪಕ್ಕದ ಸಂದಿಯಿಂದ ನೋಡುತ್ತಿದ್ದರು. ಇವರು ಕೆಳಗಿಳಿದು ಬಂದು ಅವರ ಮುಂದೆ ನಿಂತರು. ಅಂಗೈಯಿಂದ ರಕ್ತ ಸೋರುತ್ತಿತ್ತು.

"ಆ ಬಟ್ಟಿ ಬಿಚ್ಚಿ ಒಯ್ಯು," ಅಂದರು ಏಕನಾಥರು. "ಒದ್ದಿಯಾಗಿ ನಾರ್ತದ."

"ನಾಳಿ ಆರತಿಗೆ?" ಅಂದರು ಇವರು.

"ಹೇಳಿದ್ನಲ್ಲ ಬಿಚ್ಚು ಅಂತ. ವರ್ಷಾ ವರ್ಷಾ ನಿನ್ನ ಕೂಡ ವಾದಾ ಮಾಡಿ ನನ್ನ ಗಂಟಲಾ ಹೋತು. ಮುಂದಿನ ವರ್ಷರ ಸುಮ್ನ ಒಂದು ಗುಡಿ ಕಟ್ಟು."

ಮುಂದಿನ ವರ್ಷ ಎಂದು ಅವರ ಬಾಯಿಂದ ಬಂದ ಮೇಲೆ ನಾನು ಅಲ್ಲೇ ಬಿದಿರಿಗೆ ಒರಗಿ ಕೂತುಬಿಟ್ಟೆ.

ಉಳಿದ ದಿನ ಹಿಂದೆ ನಮಗೆ ಕೆಲಸವಿರಲಿಲ್ಲ. ಇವರು ಮುಂದೆ ಬಂದು ಜನರ ನಡುವೆ ನಿಂತು ನೋಡಿದರು. ಕೈಗೆ ಬಟ್ಟೆ ಕಟ್ಟಿತ್ತು. ಯಾರೂ ಅವರನ್ನು ಗುರುತಿಸಲಿಲ್ಲ. ಒಬ್ಬಾತ "ಸರೀರಿ, ನಮಗೂ ಕಾಣಲಿ" ಎಂದು ತಳ್ಳಿದ. ಸರಿದರು.

ಗಣಪತಿ ಹೋಯಿತು. ಮರುದಿನ ಬಿಚ್ಚಲು ಬಂದೆವು. ಕಟ್ಟಿದ್ದಕ್ಕೆ ಉಲ್ಟಾ ಕ್ರಮ. ಮೊದಲು ನಾಲ್ಕು ಮನೆ, ಆಮೇಲೆ ಬಾಗಿಲು, ಗೋಡೆ, ಬಾವಿ. ಬಿದ್ದ ಅರ್ಧವನ್ನು ಆಯಿಯ ಮುಂದೆ ಒಡೆಯಲಾಗದೆ ಇಡಿಯಾಗಿ ಟೆಂಪೋಕ್ಕೆ ಏರಿಸಿದರು. ಕೊನೆಗೆ ಗಲ್ಲಿಯ ನಡುವೆ ಉಳಿದದ್ದು ಬಂಡೆಯ ಮೇಲೆ ನಿಂತ ಅರ್ಧ ಬುರುಜೊಂದೇ. ರಿಕ್ಷಾಗಳು ಅದನ್ನು ಸುತ್ತಿ ಹೋಗುತ್ತಿದ್ದವು. ರಿಕ್ಷಾದವರು ತಲೆ ಹೊರಗೆ ಹಾಕಿ ಮೇಲೆ ನೋಡಿ, ಬೈಯಲು ತೆರೆದ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ.

"ಬಿಚ್ಚೂಣೇನ್ರಿ?" ಅಂದೆ.

ಇವರು ವಾಡೆಯ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ನನಗೆ ಜಾಗ ಮಾಡಿದರು.

"ಇನ್ನ ಸ್ವಲ್ಪ ನಿಲ್ಲಲಿ," ಅಂದರು.

ಕೂತೆ.